ಕುದ್ರುವಿನ ಬಾವಿ, ಮಾಡಿನ ನೀರು

ನೂರು ಕೊಡಪಾನ ಸಿಹಿನೀರಿಗೆ ಒಂದೂವರೆ ಕೊಡಪಾನ ಸಮುದ್ರದ ನೀರು ಬೆರೆತರೆ ಸಾಕು, ಅದು ಕುಡಿಯುವ ನೀರಿನ ಲೆಕ್ಕದಿಂದ ಹೊರಗೆ ಬಿತ್ತು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಒಪ್ಪುವುದು 250. ಬೇರೆ ಮೂಲವೇ ಇಲ್ಲ ಎಂದಾದರೆ ಮಾತ್ರ 1,000ದವರೆಗೆ ಬಿಡುತ್ತದೆ. ಹಾಗೆ ಬಿಟ್ಟರೂ ನೂರು ಕೊಡಪಾನಕ್ಕೆ ಐದು ಕೊಡಪಾನದ ಆಸುಪಾಸಿನಲ್ಲಿ ಆಟ ಮುಗಿಯುತ್ತದೆ. ಕುದ್ರುವಿನ, ಅಂದರೆ ಹೊಳೆಯ ನಡುವಿನ ದ್ವೀಪದ, ಬಾವಿಯಲ್ಲಿ ನೀರು ಸೇದುವವರು ಬೇಸಗೆಯಿಡೀ ಈ ಒಂದೂವರೆಯಿಂದ ಐದರ ನಡುವೆಯೇ ಬದುಕುತ್ತಾರೆ.

ನೇತ್ರಾವತಿಯ ಪಾವೂರು ಉಳಿಯ ಇರಲಿ, ಕೆಮ್ಮಣ್ಣು ಕಡೆಯ ತಿಮ್ಮಣ್ಣಕುದ್ರು, ಪಡುಕುದ್ರು ಇರಲಿ, ಕುಂದಾಪುರದ ಹೇರಿಕುದ್ರು, ಉಪ್ಪಿನಕುದ್ರು ಇರಲಿ, ಎಲ್ಲ ಕಡೆ ನೀರಿನ ಸ್ವಭಾವ ಒಂದೇ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಕುದ್ರುವಿನ ಸುತ್ತ ಇರುವುದೆಲ್ಲ ಸಿಹಿನೀರೇ. ಹೊಳೆಯ ಹರಿವು ಇಳಿದ ಹಾಗೆ, ಡಿಸೆಂಬರಿನಿಂದ ಆಚೆಗೆ, ಒಂದೊಂದು ಭರತಕ್ಕೂ ಅಳಿವೆಯಿಂದ ಉಪ್ಪುನೀರು ಸ್ವಲ್ಪ ಸ್ವಲ್ಪವೇ ಮೇಲೇರುತ್ತದೆ. ಹೊಯ್ಗೆ (ಮರಳು) ತೆಗೆದು ತೆಗೆದು ಹೊಳೆಯ ತಳ ಆಳವಾದಲ್ಲಿ ಇನ್ನೂ ದೂರ ಹೋಗುತ್ತದೆ. ಕಿಂಡಿ ಅಣೆಕಟ್ಟಿನ ಹಲಗೆ ಹಾಕಿದರೆ ಮೇಲಿನ ಗದ್ದೆ ತೋಟಗಳಿಗೆ ಉಪಕಾರ, ನಿಜ. ಅಣೆಕಟ್ಟಿನ ಕೆಳಗಿರುವ ಕುದ್ರುವಿಗೆ ಮಾತ್ರ ಮೇಲಿಂದ ಬರುತ್ತಿದ್ದ ಸಿಹಿನೀರೂ ನಿಲ್ಲುತ್ತದೆ. ಈ ಮಾತನ್ನು ನೀರಿನ ಸಭೆಗಳಲ್ಲಿ ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಕುದ್ರುವಿನ ಮನೆಗಳು ಎಣಿಕೆಯಲ್ಲಿ ಕಡಿಮೆ, ದನಿಯೂ ಕಡಿಮೆ.

ಇಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಒಂದೇ ವಿಷಯ. ಕುದ್ರುವಿನಲ್ಲಿ ಕುಡಿಯುವ ನೀರನ್ನೂ ಬಳಕೆಯ ನೀರನ್ನೂ ಬೇರೆ ಬೇರೆ ಲೆಕ್ಕ ಇಡಬೇಕು. ಜಲಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ಬೇಕು. ಅದರಲ್ಲಿ ಬಾಯಿಗೆ ಹೋಗುವುದು, ಅಂದರೆ ಕುಡಿಯಲಿಕ್ಕೆ, ಗಂಜಿಗೆ, ಸಾರಿಗೆ, ಚಹಕ್ಕೆ ಆಗುವುದು ಆರು ಲೀಟರ್. ಉಳಿದದ್ದೆಲ್ಲ ಸ್ನಾನ, ಪಾತ್ರೆ, ಬಟ್ಟೆ, ಕಕ್ಕಸು. ಅಲ್ಪಸ್ವಲ್ಪ ಉಪ್ಪಿನ ನೀರಾದರೂ ಅಲ್ಲಿ ನಡೆಯುತ್ತದೆ. ಐವತ್ತೈದೂ ಲೀಟರನ್ನು ಒಂದೇ ಬಾವಿಯಿಂದ, ಒಂದೇ ಗುಣಮಟ್ಟದಲ್ಲಿ ಎಳೆಯಲು ಹೋದಾಗ ಬಾವಿಯೂ ಹಾಳು, ಆರೋಗ್ಯವೂ ಹಾಳು. ಆರು ಲೀಟರನ್ನು ಮಾಡಿನಿಂದ, ಅಂದರೆ ಮನೆಯ ಛಾವಣಿಗೆ ಬೀಳುವ ಮಳೆಯಿಂದ, ಹಿಡಿದಿಟ್ಟುಕೊಂಡರೆ ಬಾವಿಯ ಮೇಲಿನ ಭಾರ ತಾನಾಗಿ ಇಳಿಯುತ್ತದೆ.

ಮೊದಲು ಬಾವಿ. ಕುದ್ರುವಿನ ಅಡಿಯಲ್ಲಿರುವ ಸಿಹಿನೀರು ಮಳೆಯದ್ದೇ. ಹೊಯ್ಗೆಯಲ್ಲಿ ಇಳಿದು, ಕೆಳಗಿನ ಭಾರದ ಉಪ್ಪುನೀರಿನ ಮೇಲೆ ತೇಲುತ್ತ ನಿಂತಿರುತ್ತದೆ, ನಡುವೆ ದಪ್ಪ, ಅಂಚಿಗೆ ತೆಳು. ಸಿಹಿನೀರಿನ ತೂಕ 1 ಆದರೆ ಸಮುದ್ರದ ನೀರಿನದ್ದು 1.025. ಈ ಸಣ್ಣ ವ್ಯತ್ಯಾಸದಿಂದ ಒಂದು ಲೆಕ್ಕ ಹುಟ್ಟುತ್ತದೆ: ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರಿಗೆ ಜಾಗ. ಸಣ್ಣ ಕುದ್ರುವಿನಲ್ಲಿ ಅಷ್ಟು ಆಳ ಸಿಗುವುದಿಲ್ಲ, ಆದರೆ ಲೆಕ್ಕದ ದಿಕ್ಕು ಅದೇ. ಬಾವಿಯಲ್ಲಿ ನೀರು ಅರ್ಧ ಅಡಿ ಇಳಿಸಿದರೆ ಕೆಳಗಿನ ಉಪ್ಪು ಅರ್ಧ ಅಡಿಯಲ್ಲ, ಅದರ ಹತ್ತಾರು ಪಟ್ಟು ಮೇಲೆ ಬರಲು ನೋಡುತ್ತದೆ. ಹಗ್ಗ ರಾಟೆಯಲ್ಲಿ ಸೇದುತ್ತಿದ್ದಾಗ ಚೆನ್ನಾಗಿದ್ದ ಬಾವಿ ಒಂದು ಎಚ್‌ಪಿ ಪಂಪ್ ಕೂತ ಎರಡೇ ಬೇಸಗೆಯಲ್ಲಿ ಉಪ್ಪಾಗುವುದು ಇದಕ್ಕೇ. ಪಂಪ್ ಹತ್ತು ನಿಮಿಷದಲ್ಲಿ ಎಳೆಯುವ ನೀರನ್ನು ಕೈ ಇಡೀ ದಿನ ಸೇದುತ್ತಿತ್ತು. ಅಷ್ಟರಲ್ಲಿ ಬದಿಯಿಂದ ಸಿಹಿನೀರು ಬಂದು ಸೇರಿಕೊಳ್ಳುತ್ತಿತ್ತು.

ಹಾಗಾಗಿ ಕುದ್ರುವಿನಲ್ಲಿ ಬೋರ್ ಕೊರೆಸಲೇಬೇಡಿ. ಆಳಕ್ಕೆ ಹೋದಷ್ಟೂ ಉಪ್ಪು ಹತ್ತಿರ. ಅಗಲದ, ಆಳ ಕಡಿಮೆಯ ಬಾವಿ ಬೇಕು, ಕುದ್ರುವಿನ ನಡುವಿನ ಎತ್ತರದ ಜಾಗದಲ್ಲಿ. ಬಾವಿ ಈಗಾಗಲೇ ಇದೆಯೆಂದಾದರೆ ಅದರ ನೀರನ್ನು ಮೇಲೊಮ್ಮೆ, ಕೆಳಗೊಮ್ಮೆ ಅಳೆದು ನೋಡಿ. ಒಂದು ಗಾಜಿನ ಬಾಟಲಿಗೆ ಕಲ್ಲು ಕಟ್ಟಿ, ಬಾಯಿಗೆ ಬೆಂಡಿನ ಬಿರಡೆ ಹಾಕಿ, ಬಿರಡೆಗೆ ಬೇರೆಯೇ ಒಂದು ದಾರ ಕಟ್ಟಿ. ಬಾಟಲಿಯನ್ನು ತಳದವರೆಗೆ ಇಳಿಸಿ ದಾರ ಎಳೆದರೆ ಬಿರಡೆ ಕಿತ್ತು ತಳದ ನೀರೇ ತುಂಬುತ್ತದೆ, ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ. ಇನ್ನೊಂದು ಬಾಟಲಿಯಲ್ಲಿ ಮೇಲಿನ ನೀರು. ನೀರಿನಲ್ಲಿ ಕರಗಿದ ಲವಣ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ತೋರಿಸುವ, ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮಳೆನೀರಿನಲ್ಲಿ ತೊಳೆದು ಎರಡನ್ನೂ ಅಳೆಯಿರಿ. ಮೇಲೆ 300, ಕೆಳಗೆ 1,500 ಬಂತು ಎಂದಿಟ್ಟುಕೊಳ್ಳಿ: ಆ ಬಾವಿ ಉಳಿಯುತ್ತದೆ, ಪಂಪಿನ ಬಾಯಿಯನ್ನು ಮೇಲಕ್ಕೆ ತಂದರೆ ಆಯಿತು. ಎರಡೂ ಕಡೆ 1,500 ಬಂದರೆ ಆ ಬೇಸಗೆಗೆ ಅದನ್ನು ಕುಡಿಯುವುದನ್ನು ಬಿಟ್ಟುಬಿಡಿ. ಒಂದೇ ಸಲ ಅಳೆದು ತೀರ್ಮಾನಕ್ಕೆ ಬರಬೇಡಿ. ಬಾವಿಯ ನೀರೂ ಭರತ ಇಳಿತದ ಜೊತೆ ಏರಿಳಿಯುತ್ತದೆ, ಹೊಳೆಗಿಂತ ಸ್ವಲ್ಪ ತಡವಾಗಿ. ಹುಣ್ಣಿಮೆಯದ್ದೋ ಅಮಾವಾಸ್ಯೆಯದ್ದೋ ಒಂದು ದಿನ ಎರಡೆರಡು ಗಂಟೆಗೊಮ್ಮೆ ಅಳೆದು ಬಾವಿಕಟ್ಟೆಯ ಮೇಲೆ ಬರೆದಿಟ್ಟರೆ ಯಾವ ಹೊತ್ತಿಗೆ ಸೇದಬೇಕು ಎಂಬುದು ಆ ಬಾವಿಯೇ ಹೇಳುತ್ತದೆ.

ಪಂಪಿನ ಬಾಯಿ ಮೇಲೆ ತರುವುದು ಕಷ್ಟದ ಕೆಲಸವಲ್ಲ. ಸಾಮಾನ್ಯವಾಗಿ ಫುಟ್‌ವಾಲ್ವ್ ಬಾವಿಯ ತಳಕ್ಕಿಂತ ಒಂದಡಿ ಮೇಲೆ ಕೂತಿರುತ್ತದೆ, ಅಂದರೆ ಇಡೀ ಬಾವಿಯಲ್ಲಿ ಅತ್ಯಂತ ಉಪ್ಪಿನ ಜಾಗದಲ್ಲಿ. ಕೆಳಗಿನ ಗಟ್ಟಿ ಪೈಪು ತೆಗೆದು ಬಳುಕುವ ಸಕ್ಷನ್ ಹೋಸ್ ಹಾಕಿ, ಮುಚ್ಚಳ ಬಿಗಿದ ಎರಡು ಖಾಲಿ ಐದು ಲೀಟರ್ ಕ್ಯಾನ್‌ಗಳಿಗೆ ಫುಟ್‌ವಾಲ್ವನ್ನು ಕಟ್ಟಿ ತೇಲಬಿಡಿ. ವಾಲ್ವ್ ನೀರಿನ ಮೇಲ್ಮೈಗಿಂತ ಒಂದರಿಂದ ಒಂದೂವರೆ ಅಡಿ ಕೆಳಗೆ ನೇತಾಡಬೇಕು. ಅದಕ್ಕಿಂತ ಮೇಲಿದ್ದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ, ಪಂಪ್ ಒಣಗಿ ಓಡುತ್ತದೆ. ಮೋಟಾರು ಅರ್ಧ ಎಚ್‌ಪಿ ಸಾಕು. ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ, ನೀರು ಮೊದಲಿನ ಮಟ್ಟಕ್ಕೆ ಬರುವವರೆಗೆ ಕಾಯಿರಿ. ಟೈಮರ್ ಸ್ವಿಚ್ ಹಾಕಿಸಿದರೆ ಮರೆತುಹೋಗುವ ಪ್ರಶ್ನೆಯಿಲ್ಲ. ಕ್ಯಾನ್ ಬಿಸಿಲಿಗೆ ಬಿರಿದು ನೀರು ತುಂಬಿಕೊಂಡರೆ ವಾಲ್ವ್ ಸದ್ದಿಲ್ಲದೆ ತಳ ಸೇರುತ್ತದೆ, ತಿಂಗಳಿಗೊಮ್ಮೆ ಬಗ್ಗಿ ನೋಡಬೇಕು.

ಉಪ್ಪಿನ ವಿಷಯವನ್ನು ರುಚಿಯ ವಿಷಯ ಎಂದು ತಳ್ಳಿಹಾಕುವವರಿದ್ದಾರೆ. ಹಾಗಲ್ಲ. ಟಿಡಿಎಸ್ 1,500 ಇರುವ ನೀರನ್ನು ದಿನಕ್ಕೆ ಮೂರು ಲೀಟರ್ ಕುಡಿದರೆ ಒಳಗೆ ಹೋಗುವ ಲವಣ ನಾಲ್ಕೂವರೆ ಗ್ರಾಂ, ಕುದ್ರುವಿನ ನೀರಿನಲ್ಲಿ ಅದರ ಹೆಚ್ಚಿನ ಪಾಲು ಅಡುಗೆ ಉಪ್ಪೇ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿಯೇ 5 ಗ್ರಾಂ. ಅದರ ಮೇಲೆ ಒಣಮೀನು, ಉಪ್ಪಿನಕಾಯಿ, ಗಂಜಿಗೆ ಹಾಕುವ ಉಪ್ಪು. ಬಾಂಗ್ಲಾದೇಶದ ಕರಾವಳಿಯಲ್ಲಿ ನಡೆದ ಅಧ್ಯಯನಗಳು ಉಪ್ಪಿನ ಕುಡಿಯುವ ನೀರಿಗೂ ಬಸುರಿಯರ ರಕ್ತದೊತ್ತಡಕ್ಕೂ ಇರುವ ನಂಟನ್ನು ತೋರಿಸಿವೆ. ಮನೆಯಲ್ಲಿ ಬಸುರಿಯೋ, ಬಿಪಿ ಇರುವ ಹಿರಿಯರೋ, ಕಿಡ್ನಿ ತೊಂದರೆಯವರೋ ಇದ್ದರೆ ಮಾಡಿನ ನೀರು ಮೊದಲು ಅವರಿಗೆ. ಇನ್ನೊಂದು ಮಾತು: ಕುದಿಸಿದರೆ ಉಪ್ಪು ಹೋಗುವುದಿಲ್ಲ, ಆವಿಯಾದಷ್ಟು ಹೆಚ್ಚುತ್ತದೆ. ನೆಲ್ಲಿ ಮರದ ತುಂಡು, ಇದ್ದಿಲು, ಸುಣ್ಣ, ಯಾವುದರಿಂದಲೂ ಉಪ್ಪು ಹೋಗುವುದಿಲ್ಲ.

ಆರ್‌ಒ ಹಾಕಿಸಿದರೆ ಹೋಗುತ್ತದಲ್ಲ ಎಂದರೆ, ಹೋಗುತ್ತದೆ. ಆದರೆ ಮನೆಯ ಆರ್‌ಒ ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ, ಇನ್ನೂ ಹೆಚ್ಚು ಉಪ್ಪಾದ ನೀರು ಅದು, ಮತ್ತೆ ಅದೇ ಮಣ್ಣಿಗೆ ಇಳಿಯುತ್ತದೆ. ಬಾವಿಯಿಂದ ಎಳೆಯುವುದೂ ಮೂರು ನಾಲ್ಕು ಪಟ್ಟು. ಮಂಗಳೂರು ಹಳೆ ಬಂದರಿನಿಂದ ಸಾಮಾನು ಹೋಗುವ ಲಕ್ಷದ್ವೀಪದಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಕವರತ್ತಿಯಲ್ಲಿ 2005ರಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಸ್ಥಾವರವಿದೆ, ಮೇಲಿನ ಬೆಚ್ಚಗಿನ ಸಮುದ್ರದ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ ಆಳದ ತಣ್ಣೀರಿನಿಂದ ತಂಪು ಮಾಡುವ ಕ್ರಮ. ಅದಕ್ಕೆ ದಡದ ಹತ್ತಿರವೇ ನೂರಾರು ಮೀಟರ್ ಆಳದ ಸಮುದ್ರ ಬೇಕು, ನಮ್ಮ ಕರಾವಳಿಯಲ್ಲಿ ಅದಿಲ್ಲ. ನಮ್ಮಲ್ಲಿರುವುದು ಮಳೆ.

ಆ ಮಳೆಯ ಲೆಕ್ಕ ಹೀಗೆ. ಐದು ಜನರ ಮನೆ, ಒಬ್ಬರಿಗೆ ಆರು ಲೀಟರ್, ನವೆಂಬರ್ ನಡುವಿನಿಂದ ಜೂನ್ ಮೊದಲ ವಾರದವರೆಗೆ 200 ದಿನ: 6,000 ಲೀಟರ್. ಸೋರಿಕೆ, ನೆಂಟರು, ತಡವಾದ ಮಳೆ ಎಂದು ಇನ್ನೊಂದು ಸಾವಿರ ಸೇರಿಸಿ 7,000. ಒಂದು 5,000ದ ಟ್ಯಾಂಕ್, ಒಂದು 2,000ದ್ದು. ಒಂದೇ ದೊಡ್ಡದರ ಬದಲು ಎರಡಿದ್ದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ಎಂದು ಕಡಿಮೆಯೇ ಹಿಡಿಯೋಣ, ಹಂಚು ಹೀರಿದ್ದು, ಸಿಡಿದದ್ದು ಕಳೆದು ನೂರಕ್ಕೆ 80 ಸಿಗುತ್ತದೆ ಎನ್ನೋಣ. ಬರೇ 20 ಚದರ ಮೀಟರ್ ಮಾಡಿನಿಂದ 56,000 ಲೀಟರ್ ಬರುತ್ತದೆ, ಬೇಕಾದ್ದರ ಎಂಟು ಪಟ್ಟು!

ಇದರ ಅರ್ಥ ಇಡೀ ಮನೆಯ ಮಾಡಿಗೆ ದಂಬೆ (ಮಾಡಿನ ಅಂಚಿನ ನೀರು ಹಿಡಿಯುವ ದೋಣಿ) ಕಟ್ಟುವ ಖರ್ಚು ಬೇಡವೇ ಬೇಡ. ಇರುವುದರಲ್ಲಿ ಚೊಕ್ಕದ ಒಂದು ಬದಿ ಆರಿಸಿಕೊಳ್ಳಿ. ಮೇಲೆ ತೆಂಗಿನ ಮಡಲು, ಹಲಸಿನ ಗೆಲ್ಲು ಬಾಗಿರಬಾರದು. ಅಡುಗೆ ಒಲೆಯ ಹೊಗೆ ತಾಗುವ ಬದಿ ಬೇಡ. ಹಳೆ ಸಿಮೆಂಟ್ ಶೀಟಿನ ಮಾಡು ಬೇಡ, ಅದರಲ್ಲಿ ಕಲ್ನಾರು ಇರುತ್ತದೆ, ಸವೆದು ನೀರಿಗೆ ಬರುತ್ತದೆ. ಮಂಗಳೂರು ಹಂಚು ಒಳ್ಳೆಯದೇ, 1865ರಲ್ಲಿ ಬಾಸೆಲ್ ಮಿಷನ್ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಸುಡಲು ಶುರುಮಾಡಿದ ಅದೇ ಜಾತಿಯ ಹಂಚು. ಪಾಚಿ ಮಾತ್ರ ಬೇಗ ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಗಟ್ಟಿ ಹಿಡಿಸೂಡಿಯಲ್ಲಿ ಉಜ್ಜಿ ತೆಗೆದರೆ ಜೂನ್‌ನಲ್ಲಿ ನೀರು ಹಸಿರು ಬಣ್ಣ ಬರುವುದಿಲ್ಲ. ಪಾಚಿ ಬಾರದಿರಲಿ ಎಂದು ಹಂಚಿಗೆ ಬಣ್ಣ ಹೊಡೆಸುವ ರೂಢಿ ಈಗ ಬಂದಿದೆ. ನೀರು ಹಿಡಿಯುವ ಬದಿಗೆ ಬಣ್ಣ ಬೇಡ.

ದಂಬೆಗೆ ಹಿಂದೆ ಅಡಿಕೆ ಮರ ಸೀಳಿ ಕಟ್ಟುತ್ತಿದ್ದರು. ಈಗ ಆರಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಎರಡು ದಂಬೆ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಡಿ, ಎರಡಡಿಗೊಂದು ಕ್ಲಾಂಪ್. ಕ್ಲಾಂಪ್ ದೂರವಾದರೆ ನಡುವೆ ಜೋತು ನೀರು ನಿಲ್ಲುತ್ತದೆ, ಎಲೆ ಕೊಳೆಯುತ್ತದೆ, ಸೊಳ್ಳೆಮರಿ ಆಗುತ್ತದೆ. ಹಂಚಿನ ತುದಿ ದಂಬೆಯ ಅಗಲದ ಮೂರನೇ ಒಂದು ಭಾಗದವರೆಗೆ ಒಳಗೆ ಚಾಚಿರಲಿ. ಕಡಿದಾದ ಮಾಡಿನಲ್ಲಿ ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಜಡಿಮಳೆ ದಂಬೆಯನ್ನು ಹಾರಿ ಹೋಗುತ್ತದೆ, ಅಂಥಲ್ಲಿ ಹೊರ ಅಂಚಿಗೆ ಒಂದು ಗೇಣು ಎತ್ತರದ ತಗಡಿನ ತಡೆ ಕಟ್ಟಬೇಕು. ತಿರುಪು, ಬಲೆ, ಕ್ಲಾಂಪ್ ಎಲ್ಲ ಸ್ಟೀಲಿನದ್ದೋ ಪ್ಲಾಸ್ಟಿಕ್‌ನದ್ದೋ ಆಗಿರಲಿ. ಕುದ್ರುವಿನ ಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಸಾಮಾನು ಹೆಚ್ಚು ಮಳೆಗಾಲ ಕಾಣುವುದಿಲ್ಲ.

ದಂಬೆಯಿಂದ ಟ್ಯಾಂಕಿಗೆ ಹೋಗುವ ಮೊದಲು ಮಾಡು ತೊಳೆದ ನೀರು ಹೊರಗೆ ಹೋಗುವ ಏರ್ಪಾಡು ಬೇಕು. ಕಾಗೆ ಹಿಕ್ಕೆ, ಬೆಕ್ಕಿನ ಹೇಲು, ಧೂಳು, ಎಲ್ಲ ಮೊದಲ ನೀರಿನಲ್ಲಿ ಬರುತ್ತದೆ. ಚದರ ಮೀಟರಿಗೆ ಒಂದು ಲೀಟರ್ ಬಿಟ್ಟುಬಿಡಬೇಕು, ಅಂದರೆ ನಮ್ಮ ಲೆಕ್ಕದ ಮಾಡಿಗೆ 20 ಲೀಟರ್. ನಾಲ್ಕಿಂಚಿನ ಪೈಪು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತದೆ. ಎರಡೂವರೆ ಮೀಟರ್ ಪೈಪನ್ನು ನೇರ ಕೆಳಗೆ ಇಳಿಬಿಟ್ಟು ಅಡಿಗೆ ತಿರುಗಿಸಿ ತೆಗೆಯುವ ಮುಚ್ಚಳ ಹಾಕಿದರೆ ಆಯಿತು. ಟೀ ಜೋಡಣೆಯ ಹತ್ತಿರ ಒಂದು ಪ್ಲಾಸ್ಟಿಕ್ ಚೆಂಡು ಇದ್ದರೆ ಪೈಪು ತುಂಬಿದಾಗ ಅದು ತೇಲಿ ಬಾಯಿ ಮುಚ್ಚುತ್ತದೆ, ಆಮೇಲಿನ ಚೊಕ್ಕ ನೀರು ಟ್ಯಾಂಕಿನ ಕಡೆ ತಿರುಗುತ್ತದೆ. ಮುಚ್ಚಳದಲ್ಲಿ ಮೂರು ಮಿಲಿಮೀಟರಿನ ತೂತು ಇಡಬೇಕು, ಮಳೆ ಬಿಟ್ಟ ಮೇಲೆ ಪೈಪು ತಾನಾಗಿ ಖಾಲಿಯಾಗಲು. ಕೆಡುವುದು ಯಾವಾಗಲೂ ಈ ತೂತೇ. ಪಾಚಿ ಕಟ್ಟಿಕೊಂಡರೆ ಪೈಪಿನಲ್ಲಿ ಹಳೆ ಕೊಳೆನೀರು ನಿಂತೇ ಇರುತ್ತದೆ, ಮುಂದಿನ ಮಳೆಯ ಕೊಳೆ ಸೀದಾ ಟ್ಯಾಂಕಿಗೆ. ಜೂನ್ ತಿಂಗಳಿಡೀ ವಾರಕ್ಕೊಮ್ಮೆ ಮುಚ್ಚಳ ಬಿಚ್ಚಿ ತೊಳೆಯಿರಿ. ಜುಲೈಯಲ್ಲಿ ಬಿಡದೆ ಸುರಿಯುವಾಗ ಇದರ ಕೆಲಸ ಅಷ್ಟಿಲ್ಲ. ಮತ್ತೆ ಅಕ್ಟೋಬರ್‌ನಲ್ಲಿ, ನಾಲ್ಕು ದಿನ ಬಿಸಿಲು ಒಂದು ದಿನ ಗುಡುಗು ಮಳೆ ಎಂಬ ಕಾಲದಲ್ಲಿ, ಹೆಚ್ಚು ಎಚ್ಚರ ಬೇಕು. ಬೇಸಗೆಗೆಂದು ಮುಚ್ಚಿಡುವ ಟ್ಯಾಂಕಿನ ಕೊನೆಯ ನೀರು ಆ ಮಳೆಯದ್ದೇ.

ಮಳೆಗಾಲದಲ್ಲಿ ಟ್ಯಾಂಕನ್ನು ಮುಟ್ಟದೆ ಇಡುವುದು ತಪ್ಪು. ದಿನವೂ ಬಳಸಿ, ದಿನವೂ ತುಂಬಲಿ. ಅಕ್ಟೋಬರ್ ಕೊನೆಗೆ ತುಂಬಿದ್ದರೆ ಸಾಕು.

ಟ್ಯಾಂಕ್ ಕೂರುವ ಕಟ್ಟೆಯ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಬೇಕು, ಯಾಕೆಂದರೆ ದುಡ್ಡು ಹೋಗುವುದು ಅಲ್ಲೇ. 5,000 ಲೀಟರ್ ಅಂದರೆ ಐದು ಟನ್. ಕುದ್ರುವಿನ ಹೊಯ್ಗೆ ನೆಲ ಒಂದು ಬದಿ ಕುಸಿದರೆ ಪ್ಲಾಸ್ಟಿಕ್ ಟ್ಯಾಂಕಿನ ಅಡಿ ಬಿರಿಯುತ್ತದೆ. ನೆಲ ಅಗೆದು, ನೀರು ಹೊಯ್ದು ದಮ್ಮಸು ಮಾಡಿ, ಕೆಂಪುಕಲ್ಲಿನ ಕಟ್ಟೆ ಕಟ್ಟಿ, ಮೇಲೆ ಸಪಾಟಾಗಿ ಕಾಂಕ್ರೀಟ್ ಹಾಕಬೇಕು. ಟ್ಯಾಂಕಿನ ಅಡಿ ಪೂರ್ತಿ ಕಟ್ಟೆಯ ಮೇಲಿರಬೇಕು, ಒಂದು ಇಂಚೂ ಹೊರಗೆ ಚಾಚಬಾರದು. ನಳ್ಳಿಯ ಅಡಿಗೆ ಕೊಡಪಾನ ಹಿಡಿಯಬೇಕಲ್ಲ, ಹಾಗಾಗಿ ಎರಡಡಿ ಎತ್ತರ ಹೇಗೂ ಬೇಕು. ನೆರೆ ಬರುವ ಕುದ್ರುವಾದರೆ ಹಿರಿಯರು ತೋರಿಸುವ ನೆರೆಯ ಗುರುತಿಗಿಂತ ಮೇಲಿರಲಿ. 1923, 1974ರ ನೆರೆಯ ಮಾತು ನೇತ್ರಾವತಿ ದಡದಲ್ಲಿ ಈಗಲೂ ಬರುತ್ತದೆ. ಖಾಲಿ ಟ್ಯಾಂಕ್ ನೆರೆಯಲ್ಲಿ ದೋಣಿಯ ಹಾಗೆ ತೇಲಿ ಹೋಗುತ್ತದೆ, ತುಂಬಿದ್ದು ಕೂತಲ್ಲೇ ಇರುತ್ತದೆ. ಆದ್ದರಿಂದ ಮೊದಲ ಮಳೆಗಳಲ್ಲೇ ತುಂಬಿಸಿಬಿಡಿ, ಜೊತೆಗೆ ಕಟ್ಟೆಗೆ ಕೊಂಡಿ ಇಟ್ಟು ನೈಲಾನ್ ಹಗ್ಗದಲ್ಲಿ ಬಿಗಿಯಿರಿ. ಅಂದಹಾಗೆ ಇದೇ ತೇಲುವ ಗುಣದಿಂದ ಟ್ಯಾಂಕನ್ನು ದೋಣಿಗೆ ಕಟ್ಟಿ ಎಳೆದು ತರಬಹುದು. ಫೆರೋಸಿಮೆಂಟ್ (ತಂತಿಬಲೆಗೆ ಸಿಮೆಂಟು ಮೆತ್ತಿ ಕಟ್ಟುವ) ಟ್ಯಾಂಕಾದರೆ ಸಿಮೆಂಟು, ಬಲೆ ಎಲ್ಲ ದೋಣಿಯಲ್ಲಿ ಹೊರಬೇಕು, ಕಟ್ಟುವಾಗ ಕಲಸಲು ಬಾವಿಯ ಉಪ್ಪುನೀರು ಹಾಕಿದರೆ ಒಳಗಿನ ತಂತಿ ತುಕ್ಕು ಹಿಡಿದು ಗೋಡೆ ಸಿಡಿಯುತ್ತದೆ.

ಟ್ಯಾಂಕಿನ ಬಣ್ಣ ಕಪ್ಪಿರಲಿ, ಬೆಳಕು ಹೋದರೆ ಪಾಚಿ. ನಳ್ಳಿ ತಳದಿಂದ ನಾಲ್ಕಿಂಚು ಮೇಲೆ, ಕೆಸರು ತೆಗೆಯುವ ಬಾಯಿ ತಳದಲ್ಲೇ. ಒಳಬರುವ ಪೈಪನ್ನು ಅಡಿಯವರೆಗೆ ಇಳಿಸಿ ಬಾಯಿಯನ್ನು ಮೇಲಕ್ಕೆ ತಿರುಗಿಸಿದರೆ ಅಡಿಯ ಕೆಸರು ಕಲಕುವುದಿಲ್ಲ. ಹೆಚ್ಚಾದ ನೀರು ಹೋಗುವ ಪೈಪು ಒಳಬರುವುದಕ್ಕಿಂತ ಸಣ್ಣದಾಗಿರಬಾರದು, ಅದರ ಬಾಯಿಗೆ ಸಣ್ಣ ಕಣ್ಣಿನ ಬಲೆ ಇರಲೇಬೇಕು. ಮಂಗಳೂರಿನ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಬೆಳೆಯುವುದೇ ಇಂಥ ಚೊಕ್ಕ ನೀರಿನ ಟ್ಯಾಂಕಿನಲ್ಲಿ, ಬಾವಿಯಲ್ಲಿ. ವರ್ಷಕ್ಕೊಮ್ಮೆ, ಪತ್ತನಾಜೆಯ (ಮೇ ಕೊನೆಯ ತುಳು ಆಚರಣೆ) ಹೊತ್ತಿಗೆ ನೀರು ಹೆಚ್ಚುಕಡಿಮೆ ಮುಗಿದಿರುತ್ತದೆ, ಆಗ ಒಳಗಿಳಿದು ಉಜ್ಜಿ ತೊಳೆಯಿರಿ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ನಿಂತಿರಬೇಕು. ಒಳಗೆ ಬ್ಲೀಚಿಂಗ್ ಪೌಡರ್ ಹಾಕಿ ಮುಚ್ಚಳ ಮುಚ್ಚಿಕೊಂಡು ಕೆಲಸ ಮಾಡಬಾರದು.

ಟ್ಯಾಂಕಿನ ನೀರು ನೋಡಲು ಎಷ್ಟು ತಿಳಿಯಿದ್ದರೂ ಕ್ರಿಮಿ ಇಲ್ಲ ಎಂದು ತಿಳಿಯಬೇಡಿ. ಟಿಡಿಎಸ್ ಮೀಟರ್ ಕ್ರಿಮಿಯನ್ನು ಕಾಣುವುದಿಲ್ಲ. ಮಾರಾಟಗಾರರು ಎರಡು ಲೋಟ ನೀರಿಗೆ ಕರೆಂಟಿನ ಸಲಾಕೆ ಅದ್ದಿ ಒಂದು ಕಂದಾಗುವುದನ್ನು ತೋರಿಸುತ್ತಾರಲ್ಲ, ಆ ಕಂದು ಬಣ್ಣ ಸಲಾಕೆಯ ಕಬ್ಬಿಣ ಕರಗಿ ಬಂದದ್ದು. ಲವಣವಿರುವ ಯಾವ ನೀರಿನಲ್ಲೂ ಬರುತ್ತದೆ. ಅದನ್ನು ನೋಡಿ ಬಾವಿಯನ್ನು ಬೈಯಬೇಡಿ. ಕುಡಿಯುವ ನೀರನ್ನು ಕುಚ್ಚಲಕ್ಕಿ ಬೇಯುವ ಒಲೆಯ ಮೇಲೆಯೇ ಚೆನ್ನಾಗಿ ಉಕ್ಕುವವರೆಗೆ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟರೆ ಬೇರೇನೂ ಬೇಡ. ಸೌದೆ ಗ್ಯಾಸ್ ಸಾಲದು ಎನ್ನುವವರಿಗೆ ಕ್ಲೋರಿನ್. 33 ಶೇಕಡಾ ಬಲದ ಹೊಸ ಬ್ಲೀಚಿಂಗ್ ಪೌಡರ್ 30 ಗ್ರಾಂ ಒಂದು ಲೀಟರ್ ನೀರಿನಲ್ಲಿ ಕಲಸಿ, ತಿಳಿ ಬಸಿದು, ಬೆಳಕು ಹೋಗದ ಬಾಟಲಿಯಲ್ಲಿಡಿ. ಅದರ ಬಲ ಸುಮಾರು ಒಂದು ಶೇಕಡಾ. 20 ಲೀಟರ್ ತಿಳಿ ನೀರಿಗೆ 4 ಮಿಲಿ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ನಸು ವಾಸನೆ ಉಳಿದಿದ್ದರೆ ಸರಿಯಾಗಿದೆ. ವಾರಕ್ಕಿಂತ ಹಳೆಯ ದ್ರಾವಣ ಬೇಡ. ನಮ್ಮ ಹವೆಯಲ್ಲಿ ಬ್ಲೀಚಿಂಗ್ ಪೌಡರಿನ ಲಕೋಟೆ ಒಡೆದಿಟ್ಟರೆ ತೇವ ಎಳೆದು ಉಂಡೆಯಾಗುತ್ತದೆ, ಮೂಗಿಗೆ ಖಾರ ತಾಗದ ಪೌಡರಿನಲ್ಲಿ ಕ್ಲೋರಿನ್ ಉಳಿದಿಲ್ಲ ಎಂದೇ ಅರ್ಥ. ಬಿಸಿಲಲ್ಲಿ ಪ್ಲಾಸ್ಟಿಕ್ ಬಾಟಲಿ ಇಡುವ ಕ್ರಮವೂ ಇದೆ, ಆರು ಗಂಟೆ ಚುರುಕು ಬಿಸಿಲು ಬೇಕು. ರೋಗ ಹೆಚ್ಚುವ ಜುಲೈಯಲ್ಲಿ ಆ ಬಿಸಿಲು ಎಲ್ಲಿಂದ?

ಬಾವಿಗೆ ಹಾಕುವ ಕ್ರಮವೇ ಬೇರೆ. ಒಂದೂವರೆ ಮೀಟರ್ ಅಡ್ಡಳತೆಯ ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ, 3.14ನ್ನು ಅಡ್ಡಳತೆಯಿಂದ ಎರಡು ಸಲ ಗುಣಿಸಿ, ಆಳದಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ, ಲೀಟರಿಗಾಗಿ ಸಾವಿರದಿಂದ ಗುಣಿಸಿ: ಸುಮಾರು 3,500 ಲೀಟರ್. ಮಾಮೂಲಿಗೆ ಸಾವಿರ ಲೀಟರಿಗೆ 2.5 ಗ್ರಾಂ ಪೌಡರ್, ಅಂದರೆ ಇಲ್ಲಿ 9 ಗ್ರಾಂ. ಕಣ್ಣಳತೆ ಬೇಡ, ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಪೊಟ್ಟಣ ಕಟ್ಟಿಸಿಕೊಳ್ಳಿ. ಪ್ಲಾಸ್ಟಿಕ್ ಬಾಲ್ದಿಯಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ಮುಕ್ಕಾಲು ಬಾಲ್ದಿ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ಕೆಳಗೆ ಕೂರುತ್ತದೆ. ತಿಳಿಯನ್ನಷ್ಟೇ ಇನ್ನೊಂದು ಬಾಲ್ದಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯ ನೀರೊಳಗೆ ಮುಳುಗಿಸಿ ಮೇಲೆ ಕೆಳಗೆ, ಆ ಬದಿ ಈ ಬದಿ ಜೋರಾಗಿ ಆಡಿಸಿ. ದಡದಲ್ಲಿ ನಿಂತು ಪುಡಿ ಎರಚಿ ಹೋದರೆ ಸುಣ್ಣ ತಳ ಸೇರುತ್ತದೆ, ಕ್ಲೋರಿನ್ ಮೇಲಿನ ಒಂದಡಿಯಲ್ಲೇ ಮುಗಿಯುತ್ತದೆ. ಒಂದು ಗಂಟೆ ಯಾರೂ ಸೇದಬಾರದು. ಆಮೇಲೆ ಪರೀಕ್ಷಾ ಕಿಟ್ಟಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರುವುದು ಕಾಣಬೇಕು. ಕಾಣದಿದ್ದರೆ ನೀರಿನಲ್ಲಿ ಕಬ್ಬಿಣವೋ ಕೊಳೆಯೋ ಅದನ್ನು ತಿಂದಿದೆ, ಪ್ರಮಾಣ ಏರಿಸಬೇಕು. ನೆರೆ ನುಗ್ಗಿದ ಬಾವಿಗೆ ಇದು ಸಾಲದು. ಕೆಸರು ತೆಗೆದು, ಗೋಡೆ ಉಜ್ಜಿ, ಸಾವಿರ ಲೀಟರಿಗೆ 150 ಗ್ರಾಂ ಹಾಕಿ ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವವರೆಗೆ ನಿಧಾನಕ್ಕೆ ಎತ್ತಿ ಚೆಲ್ಲಬೇಕು, ಹೊಳೆಗಲ್ಲ, ಖಾಲಿ ಜಾಗಕ್ಕೆ. ಒಂದು ಬಾಲ್ದಿಗೆ 100 ಗ್ರಾಂಗಿಂತ ಹೆಚ್ಚು ಕಲಸಬೇಡಿ.

ಇಷ್ಟೆಲ್ಲ ಮಾಡಿಯೂ ಬಾವಿ ಮತ್ತೆ ಮತ್ತೆ ಕೆಟ್ಟರೆ ಹತ್ತಿರದ ಕಕ್ಕಸು ಗುಂಡಿಯನ್ನು ನೋಡಿ. ಬಾವಿಗೂ ಗುಂಡಿಗೂ ನಡುವೆ ಹದಿನೈದು ಮೀಟರ್ ಎಂಬ ನಿಯಮ ಗಟ್ಟಿ ನೆಲದ್ದು. ಕುದ್ರುವಿನಲ್ಲಿ ಆಟಿಯ ಹೊತ್ತಿಗೆ ನೆಲದ ನೀರು ಮೊಣಕಾಲು ಆಳದಲ್ಲಿರುತ್ತದೆ, ಗುಂಡಿಯೇ ನೀರಿನೊಳಗೆ ನಿಂತಿರುತ್ತದೆ. ಮೇಲೆ ಹೇಳಿದ ಹಾಗೆ ನಡುವೆ ದಪ್ಪವಾಗಿ ನಿಂತ ಸಿಹಿನೀರು ಅಲ್ಲಿಂದ ಅಂಚಿನ ಕಡೆ ಹರಿಯುತ್ತದೆ. ಹಾಗಾಗಿ ಬಾವಿ ನಡುವೆ, ಗುಂಡಿ ಮತ್ತು ದನದ ಹಟ್ಟಿ ಅದಕ್ಕಿಂತ ಅಂಚಿಗೆ. ಆದರೆ ಅಂಚು ಮುಳುಗುವ ಜಾಗ. ದಾರಿ ಒಂದೇ, ಗುಂಡಿಯನ್ನು ನೆಲದ ಮೇಲೆ ಎತ್ತುವುದು. ಒಂದು ಮೀಟರ್ ಎತ್ತರದ ಮಣ್ಣಿನ ದಿಬ್ಬ, ಅದರಲ್ಲಿ ರಿಂಗಿನ ಎರಡು ಗುಂಡಿ, ತಳಕ್ಕೆ ಜೇಡಿ ಮಣ್ಣೋ ದಪ್ಪ ಪ್ಲಾಸ್ಟಿಕ್ ಹಾಳೆಯೋ ಹಾಕಿ ಮುಚ್ಚಬೇಕು, ಸುತ್ತಲೂ ಅರ್ಧ ಮೀಟರ್ ದಪ್ಪಕ್ಕೆ ನುಣ್ಣನೆ ಹೊಯ್ಗೆ ತುಂಬಿಸಬೇಕು. ಕಕ್ಕಸಿಗೆ ನಾಲ್ಕೈದು ಮೆಟ್ಟಿಲು ಹತ್ತಬೇಕಾಗುತ್ತದೆ, ಹಿರಿಯರಿಗೆ ಹಿಡಿಕಂಬಿ ಹಾಕಿಸಿ. ಒಂದು ಗುಂಡಿ ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಣ ಗೊಬ್ಬರವಾಗಿ ತೆಗೆಯಬಹುದು. ಸೆಪ್ಟಿಕ್ ಟ್ಯಾಂಕ್ ಚಂದ ಕಾಣುತ್ತದೆ, ಆದರೆ ಅದನ್ನು ಎಳೆಯುವ ಲಾರಿ ತೂಗುಸೇತುವೆ ದಾಟಿ ಬರುವುದಿಲ್ಲ. ತುಂಬಿದ ಮೇಲೆ ಅದು ಹೊಳೆಗೋ ತೋಟಕ್ಕೋ ಹರಿಯುವುದೇ.

ಹೊಳೆಯ ಅಡಿಯಲ್ಲಿ ಎಚ್‌ಡಿಪಿಇ ಪೈಪು ಹಾಕಿ ಪಂಚಾಯತ್ ನಳ್ಳಿನೀರು ಬರುವ ಕುದ್ರುಗಳಲ್ಲಿ ಇನ್ನೊಂದು ಎಚ್ಚರ. ನೀರು ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಎಲ್ಲಾದರೂ ಜೋಡಣೆ ಸಡಿಲಿದ್ದರೆ ಹೊಳೆಯ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟ ಕೂಡಲೇ ಬರುವ ಮೊದಲ ನಾಲ್ಕೈದು ಬಾಲ್ದಿ ಗಿಡಕ್ಕೆ ಹಾಕಿ. ಮೊದಲ ಬಾಲ್ದಿಯ ಟಿಡಿಎಸ್‌ಗೂ ಹತ್ತನೆಯದ್ದಕ್ಕೂ ದೊಡ್ಡ ವ್ಯತ್ಯಾಸ ಕಂಡರೆ ಪೈಪು ಎಲ್ಲೋ ಬಾಯಿ ಬಿಟ್ಟಿದೆ, ಆ ಎರಡು ಅಂಕಿ ಬರೆದು ಪಂಚಾಯತಿಗೆ ಕೊಡಿ. ಬರೇ ನೀರು ಸರಿಯಿಲ್ಲ ಎಂಬ ದೂರಿಗಿಂತ ಅದಕ್ಕೆ ಬಲ ಹೆಚ್ಚು.

ಮಗುವಿಗೆ ವಾಂತಿ ಭೇದಿಯಾದಾಗ ಒಆರ್‌ಎಸ್ ಕಲಸುವುದು ಮಾಡಿನ ನೀರಿನಲ್ಲೇ, ಕುದಿಸಿ ಆರಿಸಿ. ಬೇಸಗೆಯ ಬಾವಿನೀರಿನಲ್ಲಿ ಕಲಸಿದರೆ ಅಳತೆ ಮೀರಿದ ಉಪ್ಪು ಮಗುವಿನ ಹೊಟ್ಟೆಗೆ ಹೋಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಸಣ್ಣ ಟೀ ಚಮಚದಲ್ಲಿ. ಜೊತೆಗೆ ಆಶಾ ಕಾರ್ಯಕರ್ತೆಯಿಂದ ಜಿಂಕ್ ಮಾತ್ರೆ ಕೇಳಿ ಪಡೆಯಿರಿ, ಭೇದಿ ನಿಂತರೂ 14 ದಿನ ಕೊಡಬೇಕು. ನೆರೆಯ ಕೆಸರಿನಲ್ಲಿ ನಡೆದು ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಇಲಿಜ್ವರ ಎಂದೇ ಎಣಿಸಿ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದೋಣಿಗೆ ಬೆಳಗಾಗಲಿ ಎಂದು ಕಾಯಬೇಡಿ.

ನೀರಿನಲ್ಲಿ ಮಲದ ಕ್ರಿಮಿ ಇದೆಯೋ ಎಂದು ಮನೆಯಲ್ಲೇ ನೋಡಲು ಹೈಡ್ರೋಜನ್ ಸಲ್ಫೈಡ್ ಬಾಟಲಿ ಇದೆ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಪರೀಕ್ಷಾ ಕಿಟ್ಟಿನ ತರಬೇತಿ ಕೊಡುವ ಕ್ರಮವಿದೆ, ಆ ಐವರಲ್ಲಿ ಒಬ್ಬರಾದರೂ ಕುದ್ರುವಿನವರು ಇರಲಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಪರೀಕ್ಷೆ ವರ್ಷಕ್ಕೆ ಎರಡು ಸಲವಾದರೂ ಆಗಬೇಕು, ಆಟಿಯಲ್ಲಿ ಗುಂಡಿ ತುಂಬಿ ನಿಂತಾಗ ಒಂದು, ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ಒಂದು. ಕೈ ಸಾಬೂನಿನಲ್ಲಿ ತೊಳೆದು, ಬಾಟಲಿಯ ಬಾಯಿಯ ಒಳಗೆ ಬೆರಳು ತಾಗಿಸದೆ, ಗೆರೆಯವರೆಗೆ ನೀರು ತುಂಬಿಸಿ, ಮುಚ್ಚಿ, ಬೆಚ್ಚಗಿನ ಕತ್ತಲೆ ಜಾಗದಲ್ಲಿಡಿ. ಕ್ಲೋರಿನ್ ಹಾಕಿದ ದಿನ ತೆಗೆದ ನೀರಾದರೆ ಪರೀಕ್ಷೆಗೆ ಅರ್ಥವಿಲ್ಲ. 24ರಿಂದ 48 ಗಂಟೆಯೊಳಗೆ ನೀರು ಕಪ್ಪಾದರೆ ಬಾವಿಗೆ ಮಲದ ಸಂಪರ್ಕವಿದೆ. ಕಪ್ಪಾದ ಬಾಟಲಿಯಲ್ಲಿ ಈಗ ಕೋಟಿಗಟ್ಟಲೆ ಕ್ರಿಮಿ ಬೆಳೆದಿರುತ್ತದೆ. ಅದನ್ನು ಹಾಗೇ ಬಾವಿಕಟ್ಟೆಯ ಬಳಿ ಚೆಲ್ಲಬೇಡಿ. ಒಂದು ಚಮಚ ಬ್ಲೀಚಿಂಗ್ ಪೌಡರ್ ಹಾಕಿ, ಮುಚ್ಚಳ ಸಡಿಲ ಮಾಡಿ ಹೊರಗಿಟ್ಟು ಒಂದು ಗಂಟೆ ಬಿಟ್ಟು, ಬಾವಿಯಿಂದ ದೂರದ ಬಚ್ಚಲಿಗೆ ಸುರಿಯಿರಿ.